ಚರ್ಮದ ಮೂಲಕ ಕ್ಯಾನ್ಸರ್ ಔಷಧ: ನ್ಯಾನೋವಾಹಕಗಳು ಎಷ್ಟು ಆಳಕ್ಕೆ ಇಳಿಯುತ್ತವೆ?

ಪ್ರಶ್ನೆ: ನನ್ನ ತಂದೆಯವರ ಮೂಗಿನ ಪಕ್ಕದಲ್ಲಿ ಬಹುಕಾಲದಿಂದ ವಾಸಿಯಾಗದ ಸಣ್ಣ ಹುಣ್ಣೊಂದಿತ್ತು. ಬಯಾಪ್ಸಿಯಲ್ಲಿ ಅದು ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಎಂದು ಗೊತ್ತಾಗಿ, ವೈದ್ಯರು ಶಸ್ತ್ರಚಿಕಿತ್ಸೆಗೆ ಹೇಳಿದ್ದಾರೆ. ಈ ನಡುವೆ, ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿಯ ರೆಸ್ವೆರಾಟ್ರಾಲ್ ಮುಂತಾದ ಸಸ್ಯಜನ್ಯ ವಸ್ತುಗಳನ್ನು ನ್ಯಾನೋಕಣಗಳಲ್ಲಿ ತುಂಬಿ ಚರ್ಮಕ್ಕೆ ಹಚ್ಚಿದರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ ಎಂದು ಓದಿದೆ. ಇದು ನಿಜವೇ? ನಿಜವಾದರೆ ಇದೇ ದಾರಿಯಿಂದ ದೇಹದೊಳಗಿನ ಕ್ಯಾನ್ಸರಿಗೂ ಕೀಮೋಥೆರಪಿಯ ಕಷ್ಟವಿಲ್ಲದೆ ಔಷಧ ಕೊಡಬಹುದಲ್ಲವೇ? ಅಂಥ ಜೆಲ್ ಒಂದನ್ನು ತರಿಸಿ ಶಸ್ತ್ರಚಿಕಿತ್ಸೆಯ ಬದಲು ಕೆಲವು ತಿಂಗಳು ಹಚ್ಚಿ ನೋಡಿದರೆ ತೊಂದರೆಯೇನು?

ಉತ್ತರ: ನೀವು ಕೇಳಿರುವ ಮೂರು ಪ್ರಶ್ನೆಗಳಿಗೆ ಉತ್ತರ ಬೇರೆ ಬೇರೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಈ ವಸ್ತುಗಳು ಕೊಲ್ಲುತ್ತವೆ ಎಂಬುದು ನಿಜ. ಇಲಿಗಳ ಚರ್ಮದ ಗಡ್ಡೆಗಳನ್ನು ಕುಗ್ಗಿಸಿದ ಉದಾಹರಣೆಗಳೂ ಇವೆ. ಆದರೆ ಕರ್ಕ್ಯುಮಿನ್ ಅಥವಾ ರೆಸ್ವೆರಾಟ್ರಾಲ್ ತುಂಬಿದ ಯಾವ ನ್ಯಾನೋಜೆಲ್ ಕೂಡ ಮನುಷ್ಯರ ಚರ್ಮದ ಕ್ಯಾನ್ಸರಿಗೆ ಅಂಗೀಕೃತ ಔಷಧವಾಗಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ‘ಇಲ್ಲ’, ಮತ್ತು ಅದರ ಕಾರಣ ಬಹುಮಟ್ಟಿಗೆ ಬರಿಯ ಲೆಕ್ಕಾಚಾರ. ಮೂರನೆಯದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ನನ್ನ ಕೆಲಸ ಹೊಸ ಔಷಧದ ಅಣುವನ್ನು ಹುಡುಕುವುದಲ್ಲ, ಸಿಕ್ಕ ಅಣುವನ್ನು ಸೇರಬೇಕಾದ ಜಾಗಕ್ಕೆ ಸೇರಿಸುವುದು. ಹಾಗಾಗಿ ‘ಇದು ಕ್ಯಾನ್ಸರನ್ನು ಕೊಲ್ಲುತ್ತದೆ’ ಎಂದು ಯಾರಾದರೂ ಹೇಳಿದ ಕೂಡಲೇ ‘ಕ್ಯಾನ್ಸರ್ ಇರುವಲ್ಲಿಗೆ ಎಷ್ಟು ತಲುಪುತ್ತದೆ’ ಎಂದು ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ಮುಂದಿನ ವಿವರಣೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಚರ್ಮದ ಅತಿ ಮೇಲಿನ ಪದರಕ್ಕೆ ಸ್ಟ್ರಾಟಮ್ ಕಾರ್ನಿಯಮ್ ಎನ್ನುತ್ತಾರೆ. ಅಂಗೈ ಅಂಗಾಲುಗಳನ್ನು ಬಿಟ್ಟರೆ ಅದರ ದಪ್ಪ ಸುಮಾರು 10ರಿಂದ 20 ಮೈಕ್ರೋಮೀಟರ್, ಅಂದರೆ ಒಂದು ತಲೆಗೂದಲಿಗಿಂತಲೂ ತೆಳುವು. ಇಷ್ಟು ತೆಳುವಾದ ಪದರದಲ್ಲಿ ಕೆರಟಿನ್ ತುಂಬಿದ, ಜೀವವಿಲ್ಲದ ಚಪ್ಪಟೆ ಕೋಶಗಳು ಹದಿನೈದು ಇಪ್ಪತ್ತು ಸಾಲುಗಳಲ್ಲಿ ಒತ್ತೊತ್ತಾಗಿ ಕುಳಿತಿರುತ್ತವೆ, ಅವುಗಳ ಸಂದುಗಳಲ್ಲಿ ಸೆರಾಮೈಡ್, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನಾಮ್ಲಗಳು ಹಾಳೆಹಾಳೆಯಾಗಿ ಜೋಡಿಸಿಕೊಂಡಿರುತ್ತವೆ. ಪಠ್ಯಪುಸ್ತಕಗಳು ಇದನ್ನು ಇಟ್ಟಿಗೆ ಗಾರೆಯ ಗೋಡೆಗೆ ಹೋಲಿಸುತ್ತವೆ. ಹೋಲಿಕೆ ಸರಿಯಾದದ್ದೇ, ಆದರೆ ಓದುಗರ ಗಮನವೆಲ್ಲ ಇಟ್ಟಿಗೆಯ ಮೇಲೆ ಹೋಗಿಬಿಡುತ್ತದೆ. ಹಚ್ಚಿದ ಔಷಧದ ಬಹುಪಾಲು ಸಾಗುವುದು ಇಟ್ಟಿಗೆಗಳ ಸುತ್ತ ಬಳಸಿಕೊಂಡು, ಗಾರೆಯ ಒಳಗಿನಿಂದ. ಆ ಗಾರೆ ಕೊಬ್ಬಿನದಾದ್ದರಿಂದ ಬರೀ ನೀರಿನಲ್ಲಿ ಕರಗುವ ವಸ್ತು ಅದರೊಳಗೆ ಇಳಿಯುವುದಿಲ್ಲ. ಅದನ್ನು ದಾಟಿದ ಕೂಡಲೇ ಸಿಗುವ ಜೀವಂತ ಕೋಶಗಳ ಪದರ ನೀರಿನದಾದ್ದರಿಂದ ಬರೀ ಕೊಬ್ಬಿನಲ್ಲಿ ಕರಗುವ ವಸ್ತು ಗಾರೆಯಲ್ಲೇ ಸಿಕ್ಕಿಕೊಂಡು ಕೆಳಗಿಳಿಯಲು ಒಪ್ಪುವುದಿಲ್ಲ. ಎರಡೂ ಕಡೆ ಸಲ್ಲುವ ಅಣುವಿಗೆ ಮಾತ್ರ ಈ ದಾರಿ ಸಲೀಸು.

ಗಾತ್ರದ ನಿರ್ಬಂಧವೂ ಇದೆ. ಬೋಸ್ ಮತ್ತು ಮೈನಾರ್ಡಿ ಎಂಬಿಬ್ಬರು 2000ರಲ್ಲಿ ಮುಂದಿಟ್ಟ ‘500 ಡಾಲ್ಟನ್ ನಿಯಮ’ವನ್ನು ಈ ಕ್ಷೇತ್ರದಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ: ಅಣುತೂಕ 500 ಡಾಲ್ಟನ್ ಮೀರಿದ ವಸ್ತು ಆರೋಗ್ಯವಂತ ಚರ್ಮವನ್ನು ಗಣನೀಯ ಪ್ರಮಾಣದಲ್ಲಿ ದಾಟುವುದಿಲ್ಲ. ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿ ಯಶಸ್ವಿಯಾದ ನಿಕೋಟಿನ್ ತೂಗುವುದು 162 ಡಾಲ್ಟನ್, ಫೆಂಟನಿಲ್ 336. ಈಗ ನೀವು ಹೆಸರಿಸಿದ ವಸ್ತುಗಳನ್ನು ನೋಡೋಣ. ರೆಸ್ವೆರಾಟ್ರಾಲ್ 228, ಕರ್ಕ್ಯುಮಿನ್ 368, ಇವುಗಳ ಜೊತೆಯಲ್ಲೇ ಹೆಸರು ಕೇಳಿಬರುವ ಕ್ವೆರ್ಸೆಟಿನ್ 302, ಹಸಿರು ಚಹಾದ ಮುಖ್ಯ ಕ್ಯಾಟೆಚಿನ್ ಆದ ಇಜಿಸಿಜಿ 458. ಇವೆಲ್ಲ ಗೆರೆಯೊಳಗಿವೆ. ಆದರೆ ಸಸ್ಯಮೂಲದ ನಿಜವಾದ ಕ್ಯಾನ್ಸರ್ ಔಷಧಗಳು, ಅಂದರೆ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವಂಥವು, ಇದಕ್ಕಿಂತ ಬಹಳ ದೊಡ್ಡವು: ಪೆಸಿಫಿಕ್ ಯೂ ಮರದ ತೊಗಟೆಯಿಂದ ಬಂದ ಪ್ಯಾಕ್ಲಿಟ್ಯಾಕ್ಸೆಲ್ 854 ಡಾಲ್ಟನ್, ನಿತ್ಯಪುಷ್ಪದ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಸುಮಾರು 825. ಚರ್ಮ ದಾಟಬಲ್ಲ ಸಸ್ಯಜನ್ಯ ವಸ್ತುಗಳಲ್ಲಿ ಹೆಚ್ಚಿನವು ಸೌಮ್ಯ, ಪ್ರಬಲವಾದವುಗಳಲ್ಲಿ ಹೆಚ್ಚಿನವು ದಾಟಲಾರವು. ಇಡೀ ಕ್ಷೇತ್ರದ ತೊಡಕು ಇಲ್ಲಿಂದಲೇ ಶುರುವಾಗುತ್ತದೆ.

ಗಾತ್ರ ಹೊಂದಿದರೂ ಈ ವಸ್ತುಗಳ ಸ್ವಭಾವ ಕಷ್ಟದ್ದು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕರಗಿಸಿದರೂ, ದೇಹದ ದ್ರವಗಳಿಗೆ ಹತ್ತಿರವಾದ 7.2 ಪಿಎಚ್‌ನ ಫಾಸ್ಫೇಟ್ ಬಫರಿನಲ್ಲಿ 37 ಡಿಗ್ರಿ ತಾಪದಲ್ಲಿ ಅರ್ಧ ಗಂಟೆಯೊಳಗೆ ಅದರ ಶೇ. 90ರಷ್ಟು ಒಡೆದುಹೋಗುತ್ತದೆ. ಬೆಳಕೂ ಅದಕ್ಕೆ ಆಗದು. ರೆಸ್ವೆರಾಟ್ರಾಲ್ ಅತಿನೇರಳೆ ಕಿರಣ ಬಿದ್ದರೆ ತನ್ನ ಸಕ್ರಿಯ ಟ್ರಾನ್ಸ್ ರೂಪವನ್ನು ಬಿಟ್ಟು ಸಿಸ್ ರೂಪಕ್ಕೆ ತಿರುಗುತ್ತದೆ. ಇಜಿಸಿಜಿ ಗಾಳಿಯಲ್ಲಿ ಆಕ್ಸಿಡೀಕರಣಗೊಂಡು ಕಂದು ಬಣ್ಣಕ್ಕೆ ಬರುತ್ತದೆ. ಸಾಮಾನ್ಯ ಕ್ರೀಮಿನಲ್ಲಿ ಇವನ್ನು ಕಲಸಿಟ್ಟರೆ ಡಬ್ಬಿಯ ಮೇಲೆ ಬರೆದ ಪ್ರಮಾಣಕ್ಕೂ ಒಳಗೆ ಉಳಿದ ಪ್ರಮಾಣಕ್ಕೂ ಕೆಲವು ವಾರಗಳಲ್ಲೇ ಸಂಬಂಧ ತಪ್ಪಬಹುದು.

ನ್ಯಾನೋವಾಹಕಗಳಿಗೆ ಇಲ್ಲಿ ಕೆಲಸವಿದೆ. ನ್ಯಾನೋವಾಹಕವೆಂದರೆ ಔಷಧವನ್ನು ತನ್ನೊಳಗೆ ಇಟ್ಟುಕೊಳ್ಳುವ, ಸಾಮಾನ್ಯವಾಗಿ 50ರಿಂದ 300 ನ್ಯಾನೋಮೀಟರ್ ಅಡ್ಡಳತೆಯ ಕಣ. 1960ರ ದಶಕದಲ್ಲಿ ಬ್ಯಾಂಗಮ್ ಅವರು ಗುರುತಿಸಿದ ಲಿಪೊಸೋಮ್ ಇವುಗಳಲ್ಲೆಲ್ಲ ಹಿರಿಯದು: ಜೀವಕೋಶದ ಪೊರೆಯಲ್ಲಿರುವಂಥದೇ ಫಾಸ್ಫೋಲಿಪಿಡ್‌ಗಳು ನೀರಿನಲ್ಲಿ ತಾವಾಗಿಯೇ ಗುಳ್ಳೆಯಾಗಿ ಮುಚ್ಚಿಕೊಂಡಾಗ ಆಗುವ ರಚನೆ. ಅದರ ಪೊರೆಯಲ್ಲಿ ಕೊಬ್ಬುಪ್ರಿಯ ಅಣುಗಳೂ ಹೊಟ್ಟೆಯಲ್ಲಿ ನೀರುಪ್ರಿಯ ಅಣುಗಳೂ ಕೂರುತ್ತವೆ. ಸಾದಾ ಲಿಪೊಸೋಮ್ ಚರ್ಮದ ಮೇಲ್ಪದರದಲ್ಲೇ ಒಡೆದು ಹರಡಿಕೊಳ್ಳುವುದನ್ನು ಕಂಡು, 1990ರ ದಶಕದಲ್ಲಿ ಗ್ರೆಗೋರ್ ಸೆವ್ಕ್ ಅವರು ಪೊರೆಗೆ ಸೋಡಿಯಂ ಕೋಲೇಟ್ ಅಥವಾ ಟ್ವೀನ್ 80ರಂಥ ಮೃದುಗೊಳಿಸುವ ವಸ್ತು ಬೆರೆಸಿ, ಸಂದಿನಲ್ಲಿ ಬಾಗಿ ಬಳುಕಿ ನುಸುಳಬಲ್ಲ ಟ್ರಾನ್ಸ್‌ಫರ್ಸೋಮ್‌ಗಳನ್ನು ರೂಪಿಸಿದರು. ಎಲ್ಕಾ ಟುಯಿಟು ಅವರ ಈಥೊಸೋಮ್‌ಗಳಲ್ಲಿ ಶೇ. 20ರಿಂದ 45ರಷ್ಟು ಎಥನಾಲ್ ಇರುತ್ತದೆ. ಅದು ಗುಳ್ಳೆಯ ಪೊರೆಯನ್ನೂ ಚರ್ಮದ ಗಾರೆಯನ್ನೂ ಏಕಕಾಲಕ್ಕೆ ಸಡಿಲಗೊಳಿಸುತ್ತದೆ. ಇನ್ನೊಂದು ಬಗೆ ಘನಕೊಬ್ಬಿನ ನ್ಯಾನೋಕಣಗಳದು. ಇವು ಬೆಳಕು, ಗಾಳಿಗಳಿಂದ ಔಷಧವನ್ನು ಚೆನ್ನಾಗಿ ಕಾಪಾಡುತ್ತವೆ, ಚರ್ಮದ ಮೇಲೆ ತೆಳು ಲೇಪವಾಗಿ ಕೂತು ತೇವ ಆರದಂತೆ ನೋಡಿಕೊಳ್ಳುತ್ತವೆ. ಆದರೆ ಶೇಖರಿಸಿಟ್ಟಾಗ ಕೊಬ್ಬು ನಿಧಾನವಾಗಿ ಹೆಚ್ಚು ಶಿಸ್ತಿನ ಹರಳಾಗಿ ಮಾರ್ಪಟ್ಟು ಒಳಗಿನ ಔಷಧವನ್ನು ಹೊರಗೆ ತಳ್ಳಿಬಿಡುತ್ತದೆ. ಅದಕ್ಕೆ ಪರಿಹಾರವಾಗಿ ಒಂದಿಷ್ಟು ದ್ರವ ಎಣ್ಣೆ ಬೆರೆಸಿ ಹರಳಿನ ಶಿಸ್ತನ್ನು ಕೆಡಿಸಿದ ಎರಡನೆಯ ಪೀಳಿಗೆಯ ಕಣಗಳು ಬಂದವು. ನೀರಿನಲ್ಲಿ ಎಣ್ಣೆಯ ಅತಿಸಣ್ಣ ಹನಿಗಳಾದ ನ್ಯಾನೋಎಮಲ್ಷನ್‌ಗಳು, ಪಿಎಲ್‌ಜಿಎ ಪಾಲಿಮರ್ ಕಣಗಳು, ಕೈಟೋಸಾನ್ ಹೊದಿಸಿದ ಕಣಗಳು, ಹೀಗೆ ಸಂಸಾರ ದೊಡ್ಡದಿದೆ. ನಿಮ್ಮ ಪ್ರಶ್ನೆಗೆ ಇಷ್ಟು ಪರಿಚಯ ಸಾಕು.

ಈ ಕಣಗಳು ಔಷಧವನ್ನು ಹೊತ್ತುಕೊಂಡು ಇಡಿಯಾಗಿ ಚರ್ಮದ ಒಳಕ್ಕೆ ಹೋಗುತ್ತವೆಯೇ? ಲೇಖನಗಳ ಜೊತೆಗಿರುವ ಬಣ್ಣದ ಚಿತ್ರಗಳಲ್ಲಿ ಹಾಗೆಯೇ ತೋರಿಸಿರುತ್ತಾರೆ: ಗುಂಡನೆಯ ಚೆಂಡುಗಳು ಸಾಲಾಗಿ ಕೆಳಗಿಳಿದು ಗಡ್ಡೆಯನ್ನು ಮುಟ್ಟುತ್ತವೆ. ನಾನು ಈ ಚಿತ್ರಗಳನ್ನು ನಂಬುವುದಿಲ್ಲ. ಕೋಶಗಳ ನಡುವಿನ ಗಾರೆಯಲ್ಲಿ ಕೊಬ್ಬಿನ ಹಾಳೆಗಳು ಮರುಕಳಿಸುವ ಅಂತರ 6 ಮತ್ತು 13 ನ್ಯಾನೋಮೀಟರ್. 100 ನ್ಯಾನೋಮೀಟರಿನ ಕಣ ಅದರೊಳಗೆ ಇಡಿಯಾಗಿ ನುಸುಳುವುದು ಸುಲಭದ ಮಾತಲ್ಲ. ಬಾಗುವ ಗುಳ್ಳೆಗಳ ವಿಷಯದಲ್ಲಿ ವಾದ ಇಂದಿಗೂ ನಿಂತಿಲ್ಲವಾದರೂ, ಅತಿಸೂಕ್ಷ್ಮ ಪ್ರತಿದೀಪ್ತಿ ಸೂಕ್ಷ್ಮದರ್ಶಕಗಳಿಂದ ನಡೆದ ಅಧ್ಯಯನಗಳಲ್ಲಿ ಲಿಪೊಸೋಮ್‌ಗಳು ಇಡಿಯಾಗಿ ಮೇಲ್ಪದರ ದಾಟಿದ ಕುರುಹು ಕಂಡುಬಂದಿಲ್ಲ. ಸನ್‌ಸ್ಕ್ರೀನ್‌ನಲ್ಲಿ ಬಳಸುವ ಟೈಟಾನಿಯಂ ಡೈಆಕ್ಸೈಡಿನ ನ್ಯಾನೋಕಣಗಳೂ ಆರೋಗ್ಯವಂತ ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತವೆ. ಹಾಗಾದರೆ ವಾಹಕದಿಂದ ಪ್ರಯೋಜನವೇನು? ಕರಗದ ಔಷಧವನ್ನು ಕರಗಿದ ಸ್ಥಿತಿಯಲ್ಲಿ ಚರ್ಮಕ್ಕೆ ತಾಗಿಸಿ ಹಿಡಿಯುವುದು, ಕೆಡದಂತೆ ನೋಡಿಕೊಳ್ಳುವುದು, ಗಾರೆಯ ಕೊಬ್ಬಿನೊಡನೆ ತನ್ನ ಕೊಬ್ಬನ್ನು ಬೆರೆಸಿ ಔಷಧದ ಬಿಡಿ ಅಣುಗಳಿಗೆ ದಾರಿ ಸಡಿಲಿಸುವುದು, ಗಂಟೆಗಟ್ಟಲೆ ನಿಧಾನವಾಗಿ ಬಿಟ್ಟುಕೊಡುವುದು. ಔಷಧವನ್ನು ಬಾಗಿಲವರೆಗೆ ತಂದು, ಬಾಗಿಲನ್ನು ಸ್ವಲ್ಪ ಸರಿಸಿ, ತಾನು ಹೊರಗೇ ಉಳಿಯುವ ಆಳು ಅದು.

ಒಂದು ಅಡ್ಡದಾರಿ ಮಾತ್ರ ಉಂಟು, ಅದು ರೋಮಕೂಪ. ಸಂಶೋಧಕ ಲಾಡೆಮನ್ ಅವರ ತಂಡದ ಪ್ರಯೋಗಗಳಲ್ಲಿ ಸುಮಾರು 300ರಿಂದ 600 ನ್ಯಾನೋಮೀಟರ್ ಗಾತ್ರದ ಕಣಗಳು, ಹಚ್ಚಿದ ಮೇಲೆ ತಿಕ್ಕಿದಾಗ, ರೋಮಕೂಪಗಳಲ್ಲಿ ಅತಿ ಆಳಕ್ಕೆ ಇಳಿದವು. ಕೂದಲಿನ ಮೇಲ್ಮೈಯಲ್ಲಿ ಒಂದರ ಮೇಲೊಂದು ಮಡಿಚಿಕೊಂಡಿರುವ ಹುರುಪೆಗಳು ತಿಕ್ಕಿದಾಗ ಹಿಂದೆ ಮುಂದೆ ಆಡುತ್ತ ಕಣಗಳನ್ನು ಒಳಕ್ಕೆ ದೂಡುತ್ತವೆ ಎಂಬುದು ಅದಕ್ಕೆ ಕೊಟ್ಟ ವಿವರಣೆ. ಚಿಕ್ಕದಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಕೂಪದೊಳಗೆ ಕೂತ ಕಣ ಬೆವರು, ಬಟ್ಟೆ, ಸ್ನಾನಗಳಿಗೆ ಸಿಗದೆ ದಿನಗಟ್ಟಲೆ ಉಳಿದು ಔಷಧವನ್ನು ಜಿನುಗಿಸಬಲ್ಲದು. ಹಾಗಿದ್ದರೂ ಚರ್ಮದ ಮೇಲ್ಮೈಯಲ್ಲಿ ರೋಮಕೂಪಗಳ ಬಾಯಿ ಆಕ್ರಮಿಸುವ ಜಾಗ, ದೇಹದ ಹೆಚ್ಚಿನ ಭಾಗಗಳಲ್ಲಿ, ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಇದನ್ನೆಲ್ಲ ಅಳೆಯುವ ಬಗೆಯನ್ನೂ ಒಮ್ಮೆ ಹತ್ತಿರದಿಂದ ನೋಡಿ. ಏಕೆಂದರೆ ನೀವು ಓದಿದ ‘ಇಷ್ಟು ಪಟ್ಟು ಹೆಚ್ಚು ಒಳಹೋಯಿತು’ ಎಂಬ ಅಂಕಿಗಳು ಹುಟ್ಟುವುದು ಅಲ್ಲಿಯೇ. ಫ್ರಾಂಜ್ ಕೋಶವೆಂಬ ಗಾಜಿನ ಉಪಕರಣದ ಎರಡು ಭಾಗಗಳ ನಡುವೆ ಚರ್ಮದ ತುಂಡನ್ನು, ಹೆಚ್ಚಾಗಿ ಹಂದಿಯ ಕಿವಿಯದನ್ನು, ಬಿಗಿಯಾಗಿ ಹಿಡಿಸುತ್ತೇವೆ. ಮೇಲೆ ಜೆಲ್, ಕೆಳಗೆ ಕಡೆಯುತ್ತಲೇ ಇರುವ ದ್ರವ, ಸುತ್ತ ಬೆಚ್ಚನೆಯ ನೀರು. ಚರ್ಮದ ಮೇಲ್ಮೈ 32 ಡಿಗ್ರಿಯಲ್ಲಿ ನಿಲ್ಲಬೇಕು. ಕರ್ಕ್ಯುಮಿನ್ ತುಂಬಿದ ಗುಳ್ಳೆಗಳನ್ನು ಮೊದಲ ಸಲ ಹೀಗೆ ಪರೀಕ್ಷಿಸಿದಾಗ, ಇಪ್ಪತ್ತನಾಲ್ಕು ಗಂಟೆಯಾದರೂ ಕೆಳಗಿನ ದ್ರವದಲ್ಲಿ ನನಗೆ ಸಿಕ್ಕ ಉತ್ತರ ಸೊನ್ನೆ. ಚರ್ಮ ದಾಟಿಲ್ಲವೆಂದು ಬರೆದಿಟ್ಟೆ. ತಪ್ಪು ನನ್ನದೇ ಆಗಿತ್ತು: ಕೆಳಗೆ ಹಾಕಿದ್ದು ಸಾದಾ ಫಾಸ್ಫೇಟ್ ಬಫರ್, ಕರ್ಕ್ಯುಮಿನ್ ಅದರಲ್ಲಿ ಕರಗುವುದೂ ಇಲ್ಲ, ಕರಗಿದ ಅಲ್ಪಸ್ವಲ್ಪವೂ ಬದುಕುವುದಿಲ್ಲ. ಆಮೇಲೆ ಆ ಚರ್ಮವನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ನೀಲಿ ಬೆಳಕಿನಡಿ ಇಟ್ಟು ನೋಡಿದೆ. ಮೇಲಂಚಿನಲ್ಲಿ ಉಗುರಿನ ಗೀರಿನಂಥ ತೆಳು ಹೊಳಪು, ಅಲ್ಲಿಂದ ಕೆಳಕ್ಕೆ ರೋಮಕೂಪಗಳ ಉದ್ದಕ್ಕೆ ಹಸಿರುಹಳದಿ ಕಡ್ಡಿಗಳು, ಉಳಿದೆಡೆ ಕತ್ತಲು. ವಾಹಕವಿಲ್ಲದೆ ಎಥನಾಲಿನಲ್ಲಿ ಕರಗಿಸಿ ಹಚ್ಚಿದ ಚರ್ಮದಲ್ಲೂ ಚಿತ್ರ ಇದೇ. ಹೊಳಪು ಕಡಿಮೆ, ಅಷ್ಟೆ. ನ್ಯಾನೋವಾಹಕ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಯಾವ ಕೋಷ್ಟಕಕ್ಕಿಂತಲೂ ಆ ಎರಡು ಸೀಳುಗಳು ನನಗೆ ಚೆನ್ನಾಗಿ ಹೇಳಿಕೊಟ್ಟವು.

ಇಲಿಯ ಚರ್ಮವಾಗಿದ್ದರೆ ಅಂಕಿ ಇನ್ನೂ ಆಕರ್ಷಕವಾಗಿ ಬರುತ್ತಿತ್ತು. ಅದರ ಮೇಲ್ಪದರ ಮನುಷ್ಯರದಕ್ಕಿಂತ ತೆಳುವು, ರೋಮಕೂಪಗಳು ಬಹಳ ದಟ್ಟ, ಹಾಗಾಗಿ ಅದು ಔಷಧವನ್ನು ಹೆಚ್ಚು ಉದಾರವಾಗಿ ಬಿಟ್ಟುಕೊಳ್ಳುತ್ತದೆ. ಮೇಲಾಗಿ ಇಲಿಯ ಪ್ರಯೋಗಗಳಲ್ಲಿ ಗಡ್ಡೆಯನ್ನು ಚರ್ಮದ ಅಡಿಗೆ ಸೂಜಿಯಿಂದ ಸೇರಿಸಿ ಬೆಳೆಸಿರುತ್ತಾರೆ. ಮೇಲಿರುವ ಚರ್ಮ ಹಿಗ್ಗಿ ತೆಳುವಾಗಿರುತ್ತದೆ. ಅಂಥ ಗಡ್ಡೆ ಕುಗ್ಗಿತೆಂದರೆ ಸಂತೋಷಪಡಬೇಕಾದದ್ದೇ, ಆದರೆ ಅದನ್ನು ಮೂಗಿನ ಮೇಲಿನ ಕಾರ್ಸಿನೋಮಕ್ಕೆ ನೇರವಾಗಿ ಅನ್ವಯಿಸುವಂತಿಲ್ಲ. ಹೋಲಿಕೆ ಯಾವುದರೊಡನೆ ಎಂಬುದನ್ನೂ ಗಮನಿಸಿ. ‘ಐದು ಪಟ್ಟು ಹೆಚ್ಚು’ ಎಂದಾಗ ಆ ಒಂದು ಪಟ್ಟು ನೀರಿನಲ್ಲಿ ಕದಡಿದ ಕರ್ಕ್ಯುಮಿನ್ ಪುಡಿಯಾಗಿದ್ದರೆ ಅದನ್ನು ಸೋಲಿಸುವುದು ದೊಡ್ಡ ವಿಷಯವಲ್ಲ. ಕರ್ಕ್ಯುಮಿನ್ನಿನದೇ ಇನ್ನೊಂದು ಪೇಚಿದೆ. ಅದು ಹಲವು ಬಗೆಯ ಪ್ರೋಟೀನ್‌ಗಳಿಗೆ ಗುರಿಯಿಲ್ಲದೆ ಅಂಟಿಕೊಳ್ಳುತ್ತದೆ, ಸ್ವತಃ ಹೊಳೆದು ಅಳತೆಯ ಉಪಕರಣಗಳನ್ನು ತಪ್ಪುದಾರಿಗೆ ಎಳೆಯುತ್ತದೆ; ಹೀಗಾಗಿ ತಟ್ಟೆಯ ಪ್ರಯೋಗಗಳಲ್ಲಿ ಅದು ನಿಜಕ್ಕಿಂತ ಹೆಚ್ಚು ಗುಣವಂತನಾಗಿ ಕಾಣಿಸಿಕೊಳ್ಳುತ್ತದೆ ಎಂದು ಔಷಧ ರಸಾಯನಶಾಸ್ತ್ರಜ್ಞರು 2017ರ ಒಂದು ವಿಸ್ತೃತ ವಿಮರ್ಶೆಯಲ್ಲಿ ಎಚ್ಚರಿಸಿದ್ದಾರೆ.

ಈಗ ನಿಮ್ಮ ಎರಡನೆಯ ಪ್ರಶ್ನೆ, ದೇಹದೊಳಗಿನ ಕ್ಯಾನ್ಸರಿನ ವಿಷಯ. ಉದಾರವಾಗಿಯೇ ಲೆಕ್ಕ ಹಾಕೋಣ. ಒಂದು ಚದರ ಸೆಂಟಿಮೀಟರ್ ಚರ್ಮದ ಮೂಲಕ ಗಂಟೆಗೆ ಒಂದು ಮೈಕ್ರೋಗ್ರಾಂ ಔಷಧ ದಾಟುತ್ತದೆ ಎಂದುಕೊಳ್ಳಿ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ದೊಡ್ಡ ಅಣುವಿಗೆ ಇದು ಸಿಗದ ಭಾಗ್ಯ. ನೂರು ಚದರ ಸೆಂಟಿಮೀಟರಿನ ಪಟ್ಟಿಯನ್ನು ಇಡೀ ದಿನ ಅಂಟಿಸಿಕೊಂಡರೆ ಒಳಹೋಗುವುದು 2.4 ಮಿಲಿಗ್ರಾಂ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನು ಮೂರು ವಾರಕ್ಕೊಮ್ಮೆ ಕೊಡುವ ರೂಢಿಯ ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 175 ಮಿಲಿಗ್ರಾಂ, 1.7 ಚದರ ಮೀಟರ್ ಮೇಲ್ಮೈಯ ಒಬ್ಬ ವಯಸ್ಕರಿಗೆ ಸುಮಾರು 300 ಮಿಲಿಗ್ರಾಂ. ಒಂದು ಸಲದ ಔಷಧವನ್ನು ಪಟ್ಟಿಯಿಂದ ಸೇರಿಸಲು ನೂರಿಪ್ಪತ್ತೈದು ದಿನ ಬೇಕು. ಹಾಗೆ ಸೇರಿದರೂ ಲಾಭವಿಲ್ಲ, ಏಕೆಂದರೆ ರಕ್ತಕ್ಕೆ ಇಳಿದ ಪ್ಯಾಕ್ಲಿಟ್ಯಾಕ್ಸೆಲ್ ಚರ್ಮದಿಂದ ಬಂದಿದ್ದರೂ ರಕ್ತನಾಳದಿಂದ ಬಂದಿದ್ದರೂ ಎಲ್ಲ ಅಂಗಗಳಿಗೂ ಒಂದೇ ರೀತಿ ಹೋಗುತ್ತದೆ.

ಕರ್ಕ್ಯುಮಿನ್ ಪರವಾಗಿ ಒಂದು ನ್ಯಾಯವಾದ ಮಾತು ಹೇಳಬೇಕು. ಬಾಯಿಂದ ತೆಗೆದುಕೊಂಡ ಕರ್ಕ್ಯುಮಿನ್ ಕರುಳಿನ ಗೋಡೆಯಲ್ಲೂ ಯಕೃತ್ತಿನಲ್ಲೂ ಬೇಗನೆ ಬದಲಾಗಿಹೋಗುತ್ತದೆ; ದಿನಕ್ಕೆ 8 ಗ್ರಾಂ ನುಂಗಿದ ರೋಗಿಗಳ ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಮಿನಷ್ಟೂ ಕಂಡುಬಂದಿರಲಿಲ್ಲ. ಚರ್ಮದ ದಾರಿ ಈ ಎರಡು ಸುಂಕದ ಕಟ್ಟೆಗಳನ್ನು ತಪ್ಪಿಸುತ್ತದೆ. ಆದರೆ ತಪ್ಪಿಸಿಕೊಂಡು ಒಳಬರುವುದು ಕೆಲವೇ ಮಿಲಿಗ್ರಾಂ ಆದಾಗ, ಆ ಉಳಿತಾಯದಿಂದ ಶ್ವಾಸಕೋಶದ ಅಥವಾ ಕರುಳಿನ ಗಡ್ಡೆಗೆ ಏನೂ ಆಗುವುದಿಲ್ಲ.

ಹಾಗಾಗಿ ಈ ತಂತ್ರಕ್ಕೆ ಸಹಜವಾದ ಕ್ಷೇತ್ರ ಚರ್ಮವೇ, ಅದರಲ್ಲೂ ಚರ್ಮದ ಮೇಲಿನ ಭಾಗ. ಸ್ಟ್ರಾಟಮ್ ಕಾರ್ನಿಯಮ್ ಮತ್ತು ಅದರಡಿಯ ಜೀವಂತ ಕೋಶಗಳ ಪದರ ಸೇರಿದ ಎಪಿಡರ್ಮಿಸ್ ಒಟ್ಟು ದಪ್ಪದಲ್ಲಿ ಸುಮಾರು 0.1 ಮಿಲಿಮೀಟರ್. ಬಿಸಿಲಿನಿಂದ ಹಾನಿಗೊಂಡ ಚರ್ಮದಲ್ಲಿ ಏಳುವ, ಮುಂದೆ ಕ್ಯಾನ್ಸರಾಗಿ ತಿರುಗಬಹುದಾದ ಆಕ್ಟಿನಿಕ್ ಕೆರಟೋಸಿಸ್ ಎಂಬ ಒರಟು ಮಚ್ಚೆಗಳು ಇಷ್ಟರೊಳಗೇ ಇರುತ್ತವೆ. ಅದರಿಂದ ಕೆಳಗೆ ರಕ್ತದ ಲೋಮನಾಳಗಳು ಶುರುವಾಗುತ್ತವೆ, ಇಳಿದುಬಂದ ಔಷಧವನ್ನು ಅಲ್ಲಿಂದಲೇ ಹೊತ್ತೊಯ್ಯುತ್ತವೆ. ಗಂಟುರೂಪದ ಬೇಸಲ್ ಸೆಲ್ ಕಾರ್ಸಿನೋಮ ಒಂದೆರಡು ಮಿಲಿಮೀಟರ್ ಅಥವಾ ಅದಕ್ಕೂ ಆಳಕ್ಕೆ ಬೇರಿಳಿಸಿರಬಹುದು. ಮೇಲಿಂದ ಹಚ್ಚಿದ್ದರ ಸಾಂದ್ರತೆ ಆಳಕ್ಕೆ ಹೋದಂತೆ ಕಡಿದಾಗಿ ಇಳಿಯುವುದರಿಂದ, ಗಡ್ಡೆಯ ನೆತ್ತಿ ಒಣಗಿ ಉದುರಿ, ಬುಡ ಹಾಗೆಯೇ ಉಳಿಯುವುದು ಈ ಚಿಕಿತ್ಸೆಯ ಅತಿ ಅಪಾಯಕಾರಿ ವೈಫಲ್ಯ. ಕಣ್ಣಿಗೆ ಅದು ಗುಣವಾದಂತೆಯೇ ಕಾಣುತ್ತದೆ.

ಪ್ರಕೃತಿಯಿಂದ ಬಂದು, ಚರ್ಮಕ್ಕೆ ಹಚ್ಚಿ, ನಿಜವಾಗಿಯೂ ಅಂಗೀಕಾರ ಪಡೆದ ಔಷಧಗಳು ಇಲ್ಲವೆಂದೇನೂ ಅಲ್ಲ. ದೇಹದಲ್ಲೇ ಹುಟ್ಟುವ ವಿಟಮಿನ್ ಎ ವಂಶದ ಅಲಿಟ್ರೆಟಿನಾಯಿನ್ ಶೇ. 0.1ರ ಜೆಲ್ ರೂಪದಲ್ಲಿ 1999ರಲ್ಲಿ ಕಪೋಸಿ ಸಾರ್ಕೋಮ ಎಂಬ ಕ್ಯಾನ್ಸರಿನ ಚರ್ಮದ ಗಾಯಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಹಸಿರು ಚಹಾದ ಕ್ಯಾಟೆಚಿನ್‌ಗಳ ಮುಲಾಮು 2006ರಲ್ಲಿ ಜನನಾಂಗದ ವೈರಸ್ ಗಂಟುಗಳಿಗೆ ಬಂತು. ಅದು ಕ್ಯಾನ್ಸರ್ ಅಲ್ಲ, ಆದರೆ ಇಜಿಸಿಜಿ ಚರ್ಮದಲ್ಲಿ ಕೆಲಸ ಮಾಡಬಲ್ಲದೆಂಬುದಕ್ಕೆ ಸಾಕ್ಷಿ. ನ್ಯಾನೋ ರೂಪದ ಉದಾಹರಣೆಯಾಗಿ ನಾನು ಹೆಚ್ಚು ಮೆಚ್ಚುವುದು ಅಮಿನೊಲೆವುಲಿನಿಕ್ ಆಮ್ಲದ ನ್ಯಾನೋಎಮಲ್ಷನ್ ಜೆಲ್. ಯುರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2016ರಲ್ಲಿ ಆಕ್ಟಿನಿಕ್ ಕೆರಟೋಸಿಸ್‌ಗೆ ಅಂಗೀಕಾರವಾದ ಈ ಜೆಲ್‌ನಲ್ಲಿರುವುದು ನಮ್ಮ ಕೋಶಗಳು ತಾವೇ ತಯಾರಿಸುವ ಪುಟ್ಟ ಅಣು, ತೂಕ ಬರಿಯ 131 ಡಾಲ್ಟನ್. ನೀರುಪ್ರಿಯವಾದ್ದರಿಂದ ಅದು ತಾನಾಗಿ ಚರ್ಮದೊಳಗೆ ಸುಲಭವಾಗಿ ಇಳಿಯದು, ಎಮಲ್ಷನ್ ಅದನ್ನು ಸ್ಥಿರವಾಗಿಟ್ಟು ಇಳಿಸುತ್ತದೆ. ಹಾನಿಗೊಂಡ ಕೋಶಗಳು ಅದರಿಂದ ಬೆಳಕಿಗೆ ಸ್ಪಂದಿಸುವ ಪೋರ್ಫಿರಿನ್ ಮಾಡಿಕೊಳ್ಳುತ್ತವೆ. ಆಮೇಲೆ ಕೆಂಪು ಬೆಳಕು ಬೀರಿದಾಗ ಆ ಕೋಶಗಳು ಸಾಯುತ್ತವೆ. ಇಲ್ಲಿ ವಾಹಕದ ಹೆಗಲ ಮೇಲೆ ಹೊರಲಾರದ ಭಾರ ಹಾಕಿಲ್ಲ. ಲಿಪೊಸೋಮಿನ ಇನ್ನೊಂದು ಸೊಗಸಾದ ಕಥೆಯೂ ಇದೆ. ಡಿಎನ್ಎ ದುರಸ್ತಿ ಮಾಡುವ, ಬ್ಯಾಕ್ಟೀರಿಯ ಭಕ್ಷಕ ವೈರಸ್ಸಿನಿಂದ ಬಂದ ಟಿ4 ಎಂಡೋನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ಲಿಪೊಸೋಮ್ ಲೋಷನ್ನಿನಲ್ಲಿ, ಆ ದುರಸ್ತಿಯ ಶಕ್ತಿ ಹುಟ್ಟಿನಿಂದಲೇ ಕುಂದಿರುವ ಕ್ಸೆರೋಡರ್ಮ ಪಿಗ್ಮೆಂಟೋಸಮ್ ರೋಗಿಗಳಿಗೆ ಒಂದು ವರ್ಷ ಹಚ್ಚಿದಾಗ, ಹೊಸ ಆಕ್ಟಿನಿಕ್ ಕೆರಟೋಸಿಸ್‌ಗಳು ಶೇ. 68ರಷ್ಟೂ ಹೊಸ ಬೇಸಲ್ ಸೆಲ್ ಕಾರ್ಸಿನೋಮಗಳು ಶೇ. 30ರಷ್ಟೂ ಕಡಿಮೆಯಾದವೆಂದು 2001ರಲ್ಲಿ ವರದಿಯಾಯಿತು. ಅಲ್ಲಿಯೂ ಸಿಕ್ಕಿದ್ದು ಹೊಸ ಗಡ್ಡೆ ಏಳದಂತೆ ತಡೆ, ಎದ್ದ ಗಡ್ಡೆಗೆ ಮದ್ದಲ್ಲ.

‘ಸಹಜವಾದದ್ದು, ಹಚ್ಚಿದರೆ ಹಾನಿಯೇನು’ ಎನ್ನುವವರಿಗೆ ಇಂಜಿನಾಲ್ ಮೆಬುಟೇಟ್ ಕಥೆ ಹೇಳಬೇಕು. ಯುಫೋರ್ಬಿಯ ಪೆಪ್ಲಸ್ ಎಂಬ ಕಳೆಗಿಡದ ಹಾಲಿನಿಂದ ಪ್ರತ್ಯೇಕಿಸಿದ ಈ ವಸ್ತುವಿನ ಜೆಲ್ 2012ರಲ್ಲಿ ಆಕ್ಟಿನಿಕ್ ಕೆರಟೋಸಿಸ್‌ಗೆ ಅಂಗೀಕಾರವಾಯಿತು. ಎರಡು ಮೂರು ದಿನ ಹಚ್ಚಿದರೆ ಸಾಕಾಗುತ್ತಿದ್ದುದರಿಂದ ವೈದ್ಯರಿಗೂ ರೋಗಿಗಳಿಗೂ ಪ್ರಿಯವಾಗಿತ್ತು. ಮೂರು ವರ್ಷಗಳ ಒಂದು ಹೋಲಿಕೆ ಅಧ್ಯಯನದಲ್ಲಿ, ಅದನ್ನು ಹಚ್ಚಿಕೊಂಡವರಲ್ಲಿ ಶೇ. 3.3 ಮಂದಿಗೆ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಬಂದಿತ್ತು, ಅದೇ ಮಚ್ಚೆಗಳಿಗೆ ಕೊಡುವ ಇಮಿಕ್ವಿಮಾಡ್ ಕ್ರೀಮ್ ಹಚ್ಚಿಕೊಂಡವರಲ್ಲಿ ಶೇ. 0.4 ಮಂದಿಗೆ. 2020ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಅದರ ಅಪಾಯ ಪ್ರಯೋಜನಕ್ಕಿಂತ ಹೆಚ್ಚೆಂದು ತೀರ್ಮಾನಿಸಿದರು. ಎಲ್ಲ ಪರೀಕ್ಷೆಗಳನ್ನೂ ದಾಟಿ ಬಂದ ಜೆಲ್‌ಗೇ ಈ ಗತಿಯಾದ ಮೇಲೆ, ಯಾವ ಪರೀಕ್ಷೆಯನ್ನೂ ಕಾಣದ ಜೆಲ್ ಬಗ್ಗೆ ನಾನು ಏನು ಭರವಸೆ ಕೊಡಲಿ? ‘ಬ್ಲಾಕ್ ಸಾಲ್ವ್’ ಹೆಸರಿನಲ್ಲಿ ಮಾರಾಟವಾಗುವ ಬ್ಲಡ್‌ರೂಟ್ ಗಿಡದ ಸಾರ ಮತ್ತು ಸತುವಿನ ಕ್ಲೋರೈಡಿನ ಲೇಪ ಇನ್ನೂ ಕೆಟ್ಟದು. ಒಳ್ಳೆಯ ಚರ್ಮವನ್ನೂ ಸೇರಿಸಿ ಸುಟ್ಟು, ಕಲೆಯ ಅಡಿಯಲ್ಲಿ ಕ್ಯಾನ್ಸರನ್ನು ಬೆಳೆಯಲು ಬಿಡುವ ಅದರ ವಿರುದ್ಧ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಸಾರ್ವಜನಿಕರನ್ನು ಎಚ್ಚರಿಸಿದೆ.

ನಿಮ್ಮ ಕೈಗೆ ಬರುವ ಜೆಲ್‌ನಲ್ಲಿ ವಾಹಕವೂ ನಿರುಪದ್ರವಿಯಾಗಿರಬೇಕೆಂದಿಲ್ಲ. ಎಥನಾಲ್, ಮೃದುಕಾರಕಗಳು ಗಾರೆಯನ್ನು ಸಡಿಲಿಸುವುದು ಕರ್ಕ್ಯುಮಿನ್ ಒಬ್ಬನಿಗಾಗಿ ಮಾತ್ರವಲ್ಲ; ಸುವಾಸನೆಯ ವಸ್ತು, ಸಂರಕ್ಷಕ, ಕೊಳೆ, ಎಲ್ಲದಕ್ಕೂ ಅದೇ ಬಾಗಿಲು. ‘ನ್ಯಾನೋ’ ಎಂಬ ಪದವನ್ನು ಡಬ್ಬಿಯ ಮೇಲೆ ಅಚ್ಚು ಮಾಡಿದ ಮಾತ್ರಕ್ಕೆ ಒಳಗೆ ನ್ಯಾನೋಕಣ ಇರುತ್ತದೆಂಬ ಖಾತರಿಯೂ ಇಲ್ಲ. ಕಣಗಳ ಗಾತ್ರ, ಅವು ಎಷ್ಟು ಏಕಸಮವಾಗಿವೆ, ಎಷ್ಟು ಔಷಧ ಒಳಗೆ ಸಿಕ್ಕಿದೆ, ಆರು ತಿಂಗಳ ನಂತರ ಎಷ್ಟು ಉಳಿದಿದೆ, ಇವನ್ನು ಹೇಳದ ತಯಾರಿಕೆಯನ್ನು ನಾನು ಬಣ್ಣದ ಕ್ರೀಮ್ ಎಂದೇ ಲೆಕ್ಕಿಸುತ್ತೇನೆ.

ಹಾಗೆಂದು ಈ ಸಂಶೋಧನೆ ವ್ಯರ್ಥವೆಂಬುದು ನನ್ನ ಅಭಿಪ್ರಾಯವಲ್ಲ. ವ್ಯರ್ಥವೆನಿಸಿದ್ದರೆ ಇಷ್ಟು ವರ್ಷ ಇದರಲ್ಲಿ ಇರುತ್ತಿರಲಿಲ್ಲ. ಮೇಲ್ಪದರವನ್ನು ನೋವಿಲ್ಲದೆ ಚುಚ್ಚಿ ಒಳಗೇ ಕರಗಿಹೋಗುವ, ಮಿಲಿಮೀಟರಿಗಿಂತ ಚಿಕ್ಕ ಸೂಜಿಗಳ ಪಟ್ಟಿಗಳಲ್ಲಿ ನ್ಯಾನೋಕಣಗಳನ್ನು ಇಟ್ಟರೆ 500 ಡಾಲ್ಟನ್ನಿನ ಗೋಡೆಯೇ ಅಡ್ಡ ಬರುವುದಿಲ್ಲ, ಪ್ಯಾಕ್ಲಿಟ್ಯಾಕ್ಸೆಲ್‌ನಂಥ ದೊಡ್ಡ ಅಣುವಿಗೂ ದಾರಿಯಾಗುತ್ತದೆ. ಕರ್ಕ್ಯುಮಿನ್ ನೀಲಿ ಬೆಳಕನ್ನು ಹೀರುವ ವಸ್ತುವಾದ್ದರಿಂದ ಬೆಳಕಿನ ಚಿಕಿತ್ಸೆಯಲ್ಲಿ ಅದನ್ನು ಬಳಸುವ ಪ್ರಯತ್ನಗಳೂ ನಡೆದಿವೆ. ಬೆಳಕಿಗೆ ಕೆಡುವ ಅದರ ದೋಷವೇ ಅಲ್ಲಿ ಗುಣವಾಗುತ್ತದೆ. ನಾನು ಹೆಚ್ಚು ನಿರೀಕ್ಷೆ ಇಟ್ಟಿರುವುದು ವಿಶಾಲವಾಗಿ ಬಿಸಿಲಿಗೆ ಹಾಳಾದ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವ ಮೊದಲೇ ತಡೆಯುವ ಲೇಪಗಳ ಮೇಲೆ, ಏಕೆಂದರೆ ಅಲ್ಲಿ ಬೇಕಾದ ಆಳವೂ ಪ್ರಮಾಣವೂ ಈ ತಂತ್ರದ ಅಳವಿನೊಳಗೆ ಇವೆ.

ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ಬೇಸಲ್ ಸೆಲ್ ಕಾರ್ಸಿನೋಮ ಬೇರೆ ಅಂಗಗಳಿಗೆ ಹರಡುವುದು ತೀರ ಅಪರೂಪ, ಆದರೆ ಇದ್ದಲ್ಲೇ ಅಗೆಯುತ್ತ ಹೋಗುತ್ತದೆ. ಮೂಗು, ಕಣ್ಣು, ಕಿವಿಗಳ ಸುತ್ತಲಿನ ಜಾಗವನ್ನು ಮರುಕಳಿಸುವ ಅಪಾಯ ಹೆಚ್ಚಿರುವ ವಲಯವೆಂದೇ ಪರಿಗಣಿಸುತ್ತಾರೆ. ಹಚ್ಚುವ ಔಷಧಗಳಲ್ಲಿ ಚೆನ್ನಾಗಿ ಪರೀಕ್ಷೆಗೊಂಡ ಇಮಿಕ್ವಿಮಾಡ್ ಕ್ರೀಮನ್ನು ಕಡಿಮೆ ಅಪಾಯದ ಬೇಸಲ್ ಸೆಲ್ ಕಾರ್ಸಿನೋಮಗಳಲ್ಲಿ ಶಸ್ತ್ರಚಿಕಿತ್ಸೆಯೊಡನೆ ಹೋಲಿಸಿದ ಅಧ್ಯಯನದಲ್ಲಿ, ಐದು ವರ್ಷಗಳ ಕೊನೆಗೆ ಕ್ರೀಮಿನಿಂದ ಶೇ. 82.5, ಶಸ್ತ್ರಚಿಕಿತ್ಸೆಯಿಂದ ಶೇ. 97.7 ಮಂದಿ ಗುಣವಾಗಿ ಉಳಿದಿದ್ದರು. ಅಂಗೀಕಾರ ಪಡೆದ ಔಷಧವೇ, ಸುಲಭದ ಜಾಗಗಳಲ್ಲೇ, ಶಸ್ತ್ರಚಿಕಿತ್ಸೆಯ ಹಿಂದೆ ಉಳಿದಿದೆ. ಮೂಗಿನ ಪಕ್ಕದ ಗಡ್ಡೆಗೆ ಪರೀಕ್ಷೆಯಾಗದ ಜೆಲ್ ಹಚ್ಚುತ್ತ ತಿಂಗಳುಗಳನ್ನು ಕಳೆದರೆ, ಇಂದು ಸಣ್ಣ ಗಾಯದಲ್ಲಿ ಮುಗಿಯುವುದು ಮುಂದೆ ಮೂಗಿನ ಒಂದು ಪಾಲನ್ನೇ ಕಟ್ಟಿಕೊಡಬೇಕಾದ ಶಸ್ತ್ರಚಿಕಿತ್ಸೆಯಾಗಬಹುದು. ಶಸ್ತ್ರಚಿಕಿತ್ಸಕರನ್ನು ಕೇಳಬೇಕಾದ ಪ್ರಶ್ನೆಗಳೇ ಬೇರೆ: ಇದು ಯಾವ ಬಗೆಯ ಬೇಸಲ್ ಸೆಲ್ ಕಾರ್ಸಿನೋಮ, ಅಂಚುಗಳನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಪದರಪದರವಾಗಿ ತೆಗೆಯುವ ಮೋಸ್ ವಿಧಾನ ಇಲ್ಲಿ ಸೂಕ್ತವೇ, ಗಾಯವನ್ನು ಹೇಗೆ ಮುಚ್ಚುತ್ತಾರೆ.

ಈಗಾಗಲೇ ಯಾವುದಾದರೂ ಲೇಪವನ್ನು ಹಚ್ಚಲು ಶುರು ಮಾಡಿದ್ದರೆ ಇಂದೇ ನಿಲ್ಲಿಸಿ, ಡಬ್ಬಿಯನ್ನು ಎಸೆಯದೆ ವೈದ್ಯರಿಗೆ ತೋರಿಸಿ, ಎಷ್ಟು ದಿನ ಹಚ್ಚಿದಿರೆಂದು ಮರೆಮಾಚದೆ ಹೇಳಿ. ಲೇಪದಿಂದ ಕೆಂಪಾಗಿ ಊದಿದ ಚರ್ಮದಲ್ಲಿ ಗಡ್ಡೆಯ ಅಂಚು ಎಲ್ಲಿ ಮುಗಿಯುತ್ತದೆಂದು ಕಣ್ಣಳತೆಯಲ್ಲಿ ಗುರುತಿಸುವುದು ಕಷ್ಟವಾಗುತ್ತದೆ. ಉರಿಯೂತ ಇಳಿಯಲೆಂದು ಅವರು ಕೆಲವು ದಿನ ಕಾಯಲೂಬಹುದು.